ಎರಡು ಬಟನ್ನಿನ ಫುಟ್‌ಬಾಲ್

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಕಾರ್ಯದರ್ಶಿ ಸಾಹೇಬರು ನನಗೆ ಕೊಟ್ಟ ವಿಷಯ ‘ವಿದ್ಯಾರ್ಥಿಗಳು ಮತ್ತು ಮೊಬೈಲ್ ಆಟಗಳು’. ಈ ವಿಷಯದ ಮೇಲೆ ಇಪ್ಪತ್ತು ನಿಮಿಷ ಬೈಯುವುದು ಯಾವ ಮಾಸ್ತರನಿಗೂ ಕಷ್ಟವಲ್ಲ. ಕಣ್ಣು ಹೋಗುತ್ತದೆ, ಓದು ಹೋಗುತ್ತದೆ, ನಿದ್ದೆ ಹೋಗುತ್ತದೆ ಎಂದರೆ ಪಾಲಕರು ಚಪ್ಪಾಳೆ ತಟ್ಟುತ್ತಾರೆ, ಮಕ್ಕಳು ತಲೆ ತಗ್ಗಿಸಿ ಕೂಡುತ್ತಾರೆ. ಸಂಜೆ ಮನೆ ಮುಟ್ಟಿದ ಮೇಲೆ ಇಬ್ಬರ ಕೈಯಲ್ಲೂ ಮೊಬೈಲು. ಅಂಥ ಭಾಷಣಗಳನ್ನು ನೀವು ಸಾಕಷ್ಟು ಕೇಳಿದ್ದೀರಿ, ನಾನೂ ಸಾಕಷ್ಟು ಮಾಡಿದ್ದೇನೆ. ಇವತ್ತು ಸಂಸ್ಥೆಯ ಸದಸ್ಯರ ಮುಂದೆ ಒಂದು ಸಲಹೆ ಇದೆ. ನಮ್ಮ ವಸತಿ ನಿಲಯದಲ್ಲಿ ಮೊಬೈಲ್ ಮಾತ್ರವಲ್ಲ, ವಿಡಿಯೋ ಗೇಮ್ ಎಂಬ ಹೆಸರಿನ ಯಾವ ವಸ್ತುವೂ ಇರಬಾರದು ಎಂಬ ಸಲಹೆ. ಅದರ ಅರ್ಧಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಇನ್ನರ್ಧದ ಬಗ್ಗೆ ನನಗೆ ತಕರಾರಿದೆ. ಆ ತಕರಾರನ್ನು ಹೇಳಲು ಒಂದು ಹಳೆಯ ಆಟದ ವಿಷಯ ಎತ್ತಿಕೊಳ್ಳುತ್ತೇನೆ. ದಯವಿಟ್ಟು ಸಹಿಸಿಕೊಳ್ಳಬೇಕು.

ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆಯ ಈಗ ಮೂವತ್ತು ದಾಟಿದವರಿಗೆ ‘ಟಿ.ವಿ. ಗೇಮು’ ಗೊತ್ತಿರುತ್ತದೆ. ಹುಬ್ಬಳ್ಳಿಯ ಅಂಗಡಿಯಿಂದ ತಂದ ಒಂದು ಪ್ಲಾಸ್ಟಿಕ್ ಡಬ್ಬಿ, ಎರಡು ಕೈಗುಂಡಿಗಳು, ಕಾಯ್ದು ಕೆಂಡವಾಗುವ ಒಂದು ಅಡಾಪ್ಟರು, ಹಳದಿಯದೋ ನೀಲಿಯದೋ ಒಂದು ಕ್ಯಾಸೆಟ್ಟು. ಡಬ್ಬಿಯ ಮೇಲೆ ಏನೇನೋ ಹೆಸರು. ಒಳಗಿನ ಯಂತ್ರ ಮಾತ್ರ ಎಲ್ಲದರಲ್ಲೂ ಒಂದೇ. ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈ 15ರಂದು ಬಿಡುಗಡೆ ಮಾಡಿದ ‘ಫ್ಯಾಮಿಕಾಮ್’ ಎಂಬ ಯಂತ್ರದ ನಕಲು ಅದು. ಅಸಲು ಯಂತ್ರ ಜಗತ್ತಿನಲ್ಲಿ 6 ಕೋಟಿ 19 ಲಕ್ಷದಷ್ಟು ಮಾರಾಟವಾಯಿತು. ನಕಲುಗಳ ಲೆಕ್ಕ ಇಟ್ಟವರಿಲ್ಲ. ನಮ್ಮ ಹಳ್ಳಿಗಳಿಗೆ ಮುಟ್ಟಿದ್ದು ನಕಲೇ. ಜಪಾನಿನಲ್ಲಿ ಆ ಯಂತ್ರ ತಯಾರಿಸುವುದನ್ನು 2003ರಲ್ಲಿ ನಿಲ್ಲಿಸಿದರು. ನಮ್ಮ ಓಣಿಗಳಲ್ಲಿ ಆಗ ಅದರ ಭರಾಟೆಯ ಕಾಲ.

ಆ ಕ್ಯಾಸೆಟ್ಟುಗಳಲ್ಲಿ ಮಾರಿಯೋ, ಕಾಂಟ್ರಾ ಎಲ್ಲರಿಗೂ ಗೊತ್ತು. ನಾನು ಹೇಳಹೊರಟಿರುವುದು ಫುಟ್‌ಬಾಲ್ ಆಟವನ್ನು. ಅದನ್ನು ಮಾಡಿದ್ದು ಜಪಾನಿನ ಟೆಕ್ನೋಸ್ ಎಂಬ ಕಂಪನಿ, 1990ರಲ್ಲಿ. ಅಮೆರಿಕದ ಅಂಗಡಿಗಳಲ್ಲಿ ಅದರ ಹೆಸರು ‘ನಿಂಟೆಂಡೊ ವರ್ಲ್ಡ್ ಕಪ್’. 1993ರಲ್ಲಿ ಅದೇ ಕಂಪನಿ ಅದರ ಮುಂದಿನ ಆಟವನ್ನು ತಂದಿತು. ಜಪಾನಿನ ಹೊರಗೆ ಆ ಎರಡನೆಯದನ್ನು ಯಾರೂ ಅಧಿಕೃತವಾಗಿ ಮಾರಲಿಲ್ಲ. ಕಳ್ಳ ಪ್ರತಿ ಮಾಡುವವರು ಅದಕ್ಕೆ ‘ಗೋಲ್ 3’ ಎಂದು ತಾವೇ ನಾಮಕರಣ ಮಾಡಿ ಏಷ್ಯಾದ ಬಜಾರುಗಳಿಗೆ ಬಿಟ್ಟರು. ಹಾಗಾದರೆ ‘ಗೋಲ್ 1’, ‘ಗೋಲ್ 2’ ಎಲ್ಲಿ ಎಂದು ನಾವು ಅಂಗಡಿಕಾರನನ್ನು ಕಾಡುತ್ತಿದ್ದೆವು. ಅವು ಬೇರೊಂದು ಕಂಪನಿಯ ಬೇರೆಯೇ ಆಟಗಳೆಂಬುದು ಪಾಪ ಅವನಿಗಾದರೂ ಹೇಗೆ ತಿಳಿಯಬೇಕು! ನಮಗೆ ಎರಡೂ ‘ಫುಟ್‌ಬಾಲ್ ಕ್ಯಾಸೆಟ್’. ಅಷ್ಟೇ.

ಆಟ ಹೀಗಿತ್ತು. ಒಂದೊಂದು ತಂಡದಲ್ಲಿ ಹನ್ನೊಂದು ಜನ ಇಲ್ಲ, ಗೋಲ್‌ಕೀಪರ್ ಸೇರಿ ಆರು ಜನ. ದಪ್ಪ ತಲೆ, ಗಿಡ್ಡ ಕಾಲಿನ ಗೊಂಬೆಗಳು. ರೆಫ್ರಿ ಫೌಲ್ ಕೊಡುವುದೇ ಇಲ್ಲ. ಡಿಕ್ಕಿ ಹೊಡೆದರೆ ಎದುರಾಳಿ ಬೀಳುತ್ತಾನೆ, ಮತ್ತೆ ಮತ್ತೆ ಹೊಡೆದರೆ ಏಳದೆ ಅಲ್ಲೇ ಮಲಗಿಬಿಡುತ್ತಾನೆ. ನೀವು ನಡೆಸುವುದು ಒಬ್ಬನನ್ನು ಮಾತ್ರ. ಉಳಿದವರು ತಮ್ಮ ಪಾಡಿಗೆ ತಾವು ಓಡುತ್ತಾರೆ. ಅವರ ಕಾಲಿಗೆ ಚೆಂಡು ಬಂದಾಗ ನೀವು ಪಾಸ್ ಕೊಡು, ಗೋಲ್‌ಗೆ ಹೊಡಿ ಎಂದು ಬಟನ್ ಒತ್ತಿ ಆಜ್ಞೆ ಕೊಡಬಹುದು. ಎಲ್ಲವೂ ಎರಡೇ ಬಟನ್ನಿನಲ್ಲಿ. ಸರಿಯಾದ ಕ್ಷಣಕ್ಕೆ ಸರಿಯಾಗಿ ಹೊಡೆದರೆ ಚೆಂಡು ಚಪ್ಪಟೆಯಾಗಿ, ಡೊಂಕಾಗಿ, ಮಿಂಚಿನಂತೆ ಹಾರಿ ಗೋಲ್‌ಕೀಪರನನ್ನೂ ಎತ್ತಿಕೊಂಡು ಬಲೆಯೊಳಗೆ ಹೋಗುತ್ತದೆ. ಅದಕ್ಕೆ ಸೂಪರ್ ಶಾಟ್ ಎಂದು ಹೆಸರು. ಅದು ಬೇಕಾದಷ್ಟು ಸಿಗುವುದಿಲ್ಲ. ಅರ್ಧ ಪಂದ್ಯಕ್ಕೆ ಐದೇ ಬಾರಿ. ಎಲ್ಲಿಂದ, ಎಷ್ಟು ಹೆಜ್ಜೆ ಓಡಿದ ಮೇಲೆ, ಯಾವಾಗ ಹೊಡೆಯಬೇಕೆಂಬುದು ಒಂದೊಂದು ತಂಡಕ್ಕೆ ಒಂದೊಂದು ಬಗೆ. ಪುಸ್ತಕದಲ್ಲಿ ಬರೆದಿರಲಿಲ್ಲ, ಪುಸ್ತಕವೇ ಇರಲಿಲ್ಲ. ಆಡಿ ಆಡಿ ಕಂಡುಹಿಡಿಯಬೇಕು. ಕಂಡುಹಿಡಿದವನು ಓಣಿಯಲ್ಲಿ ಒಂದು ವಾರ ಉಸ್ತಾದ್.

ಈ ಆಟದ ಮೂಲ ಕಥೆ ನನಗೆ ಬಹಳ ವರ್ಷಗಳ ನಂತರ ತಿಳಿಯಿತು. ಶಿಕ್ಷಕನಾದ ಮೇಲೆ ತಿಳಿದದ್ದರಿಂದ ಹೆಚ್ಚು ಸಂತೋಷವಾಯಿತು. ಜಪಾನಿನಲ್ಲಿ ಅದು ವಿಶ್ವಕಪ್ ಆಟವೇ ಅಲ್ಲ, ಹೈಸ್ಕೂಲ್ ಹುಡುಗರ ಕಥೆ. ಶಾಲೆಯ ಫುಟ್‌ಬಾಲ್ ತಂಡ ಆಡಲಾಗದ ಸ್ಥಿತಿಗೆ ಬಂದಾಗ, ಅದೇ ಶಾಲೆಯಲ್ಲಿ ಬೇರೆ ಆಟ ಆಡುವ ಹುಡುಗರು ಅವರ ಬದಲಿಗೆ ಮೈದಾನಕ್ಕೆ ಇಳಿಯುತ್ತಾರೆ. ಎದುರಾಳಿಗಳೆಲ್ಲ ಬೇರೆ ಬೇರೆ ಊರಿನ ಶಾಲೆಗಳು. ಹೊರದೇಶಕ್ಕೆ ಕಳಿಸುವಾಗ ಆ ಶಾಲೆಗಳ ಹೆಸರು ತೆಗೆದು ದೇಶಗಳ ಹೆಸರು ಹಾಕಿದರು. ನವಲಗುಂದ ತಾಲೂಕಿನ ಹುಡುಗ ಬ್ರೆಜಿಲ್ ಎಂದು ತಿಳಿದು ಆಡಿದ್ದು ಯಾವುದೋ ಜಪಾನೀ ಹೈಸ್ಕೂಲನ್ನು!

ದೇಶಗಳು ಹದಿಮೂರು. ಅದರಲ್ಲಿ ಭಾರತ ಇರಲಿಲ್ಲ. ಆದರೆ ಸೋವಿಯತ್ ರಷ್ಯ ಇತ್ತು, ಪಶ್ಚಿಮ ಜರ್ಮನಿ ಇತ್ತು. ಈ ಆಟ ಅಮೆರಿಕದ ಅಂಗಡಿಗೆ ಬಂದದ್ದು 1990ರ ಡಿಸೆಂಬರಿನಲ್ಲಿ. ಅದಕ್ಕೆ ಎರಡು ತಿಂಗಳು ಮೊದಲೇ, ಅಕ್ಟೋಬರ್ 3ರಂದು, ಎರಡೂ ಜರ್ಮನಿಗಳು ಒಂದಾಗಿದ್ದವು. ಮರುವರ್ಷದ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟವೂ ಮುಗಿಯಿತು. ನಾವು ಆಡುತ್ತಿದ್ದದ್ದು 2000ದ ಆಚೆ ಈಚೆ. ಶಾಲೆಯ ಗೋಡೆಯ ನಕ್ಷೆಯಲ್ಲಿ ಇಲ್ಲದ ಎರಡು ದೇಶಗಳ ವಿರುದ್ಧ ನಾವು ದಿನವೂ ಸಂಜೆ ಸೋಲುತ್ತಿದ್ದೆವು. ಪಶ್ಚಿಮ ಜರ್ಮನಿ ಎಲ್ಲಿದೆ ಎಂದು ನಾನು ಸಮಾಜ ವಿಜ್ಞಾನದ ಗುರುಗಳನ್ನು ಕೇಳಿದೆ. ಅವರು ಒಂದು ಇಡೀ ತಾಸು ಬರ್ಲಿನ್ ಗೋಡೆಯ ಕಥೆ ಹೇಳಿದರು. ಪಾಠದಲ್ಲಿ ಇಲ್ಲದ ಪಾಠ ಅದು. ನೆನಪಿನಲ್ಲಿ ಉಳಿದ ಪಾಠವೂ ಅದೇ.

‘ಗೋಲ್ 3’ರಲ್ಲಿ ಇನ್ನೊಂದು ವಿಶೇಷ. ಒಳಗಿನ ಬರಹವೆಲ್ಲ ಜಪಾನೀ ಲಿಪಿ. ನಮ್ಮ ಮನೆಯಲ್ಲಿ ಉರ್ದು ಬಲದಿಂದ ಎಡಕ್ಕೆ, ಶಾಲೆಯಲ್ಲಿ ಕನ್ನಡ ಎಡದಿಂದ ಬಲಕ್ಕೆ ಓದುತ್ತಿದ್ದೆವು. ಇದಂತೂ ಯಾವ ಕಡೆಯಿಂದ ಓದಿದರೂ ತಿಳಿಯದು. ಆದರೂ ಮೂರನೆಯ ಸಾಲಿನಲ್ಲಿ ಏನಿದೆ, ಯಾವುದನ್ನು ಒತ್ತಿದರೆ ಮುಂದೆ ಹೋಗುತ್ತದೆ ಎಂಬುದು ಓಣಿಯ ಮಕ್ಕಳಿಗೆಲ್ಲ ಬಾಯಿಪಾಠ. ಒಬ್ಬನಿಗೆ ತಿಳಿದದ್ದು ಎಲ್ಲರಿಗೂ ಬರುತ್ತಿತ್ತು. ಬಿ.ಎಡ್. ಓದುವಾಗ ‘ಸಹಪಾಠಿಗಳಿಂದ ಕಲಿಕೆ’ ಎಂಬ ಅಧ್ಯಾಯ ಬಂದಾಗ ಪ್ರಾಧ್ಯಾಪಕರು ಕೊಟ್ಟ ಉದಾಹರಣೆಗಿಂತ ಈ ಕ್ಯಾಸೆಟ್ಟೇ ನನಗೆ ಒಳ್ಳೆಯ ಉದಾಹರಣೆ ಅನ್ನಿಸಿತ್ತು. ಅಂಕಗಳ ಭಯದಿಂದ ಉತ್ತರ ಪತ್ರಿಕೆಯಲ್ಲಿ ಬರೆಯಲಿಲ್ಲ.

ವಿಜ್ಞಾನದ ವಿದ್ಯಾರ್ಥಿಗಳು ಇದ್ದೀರಿ, ನಿಮಗೊಂದು ಮಾತು. ಆ ಆಟದಲ್ಲಿ ನಾಲ್ಕೈದು ಆಟಗಾರರು ಒಂದೇ ಸಾಲಿಗೆ ಬಂದರೆ ಅವರು ಮಿಣಮಿಣ ಮಿನುಗುತ್ತಿದ್ದರು. ಟಿ.ವಿ. ಕೆಟ್ಟಿದೆ ಎಂದು ಅಬ್ಬಾ ಅದರ ತಲೆಯ ಮೇಲೆ ಬಡಿಯುತ್ತಿದ್ದರು. ಕೆಟ್ಟದ್ದು ಟಿ.ವಿ. ಅಲ್ಲ. ಆ ಯಂತ್ರ ಚಲಿಸುವ ಚಿತ್ರಗಳನ್ನು ಸಣ್ಣ ಸಣ್ಣ ತುಂಡುಗಳಿಂದ ಕಟ್ಟುತ್ತದೆ. ಇಡೀ ತೆರೆಯ ಮೇಲೆ ಒಟ್ಟು 64 ತುಂಡು, ತೆರೆಯ ಒಂದು ಅಡ್ಡಗೆರೆಯಲ್ಲಿ 8 ಮಾತ್ರ. ಒಬ್ಬ ಆಟಗಾರನಿಗೇ ಹಲವು ತುಂಡು ಬೇಕು. ಎಂಟು ಮೀರಿದರೆ ಮಿಕ್ಕವು ಕಾಣುವುದಿಲ್ಲ. ಹಾಗಾಗಿ ಆಟ ಬರೆದವರು ಪ್ರತಿ ಬಾರಿ ಬೇರೆ ಬೇರೆ ತುಂಡುಗಳನ್ನು ಬಿಟ್ಟು ಚಿತ್ರ ಬರೆಯುವಂತೆ ಮಾಡಿದರು. ಸೆಕೆಂಡಿಗೆ ಐವತ್ತು ಸಲ ಹೀಗೆ ಅದಲುಬದಲಾದರೆ ಯಾರೂ ಪೂರ್ತಿ ಮಾಯವಾಗದೆ ಎಲ್ಲರೂ ಸ್ವಲ್ಪ ಸ್ವಲ್ಪ ಮಿನುಗುತ್ತಾರೆ. ಇರುವ ಎಂಟನ್ನು ಎಲ್ಲರಿಗೂ ಹಂಚಿ ಬಡಿಸುವ ಉಪಾಯ ಅದು. ಕೆಲಸ ಮಾಡಲು ಆ ಯಂತ್ರಕ್ಕಿದ್ದ ನೆನಪಿನ ಜಾಗ 2 ಕಿಲೋಬೈಟ್. ಇಂದಿನ ಕಂಪ್ಯೂಟರಿನಲ್ಲಿ ಒಂದು ಕನ್ನಡ ಸಂಕೇತಕ್ಕೆ ಸಾಮಾನ್ಯವಾಗಿ 3 ಬೈಟ್ ಬೇಕು. ಅಂದರೆ ಸುಮಾರು 680 ಸಂಕೇತಕ್ಕೆ ಜಾಗ ಖಾಲಿ. ನಮ್ಮ ವಾರ್ಷಿಕ ಸಂಚಿಕೆಯ ಒಂದು ಪುಟವೂ ಅದರಲ್ಲಿ ಹಿಡಿಯುವುದಿಲ್ಲ. ಅಷ್ಟರಲ್ಲಿ ಹನ್ನೆರಡು ಆಟಗಾರರು, ಒಂದು ಚೆಂಡು, ಸಮಯ, ಗೋಲ್ ಎಲ್ಲವನ್ನೂ ನಡೆಸಿದ್ದಾರೆ.

ಕರೆಂಟಿನ ವಿಷಯ ಹೇಳದಿದ್ದರೆ ನಮ್ಮ ಕಡೆಯ ಕಥೆ ಪೂರ್ಣವಾಗದು. ಆ ಯಂತ್ರಕ್ಕೆ ಕರೆಂಟ್ ಹೋದರೆ ಏನೂ ನೆನಪಿರುವುದಿಲ್ಲ. ಫೈನಲ್ ಪಂದ್ಯದ ನಡುವೆ ಹೋದರೆ ಮತ್ತೆ ಮೊದಲಿನಿಂದ. ಅದಕ್ಕೆ ಪರಿಹಾರವಾಗಿ, ಒಂದು ಪಂದ್ಯ ಗೆದ್ದರೆ ತೆರೆಯ ಮೇಲೆ ಒಂದು ಸಂಖ್ಯೆ ಬರುತ್ತಿತ್ತು. ಅದನ್ನು ಬರೆದಿಟ್ಟುಕೊಂಡು ಮರುದಿನ ಕೊಟ್ಟರೆ ಅಲ್ಲಿಂದಲೇ ಮುಂದೆ ಆಡಬಹುದು. ನನ್ನ ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟದ ತುಂಬ ಆ ಸಂಖ್ಯೆಗಳು. ಗುರುಗಳು ಅದು ಯಾವ ಲೆಕ್ಕದ ಉತ್ತರ ಎಂದು ಕೇಳಿದ್ದುಂಟು. ಕರೆಂಟ್ ಹೋದ ಕೂಡಲೇ ಹುಡುಗರೆಲ್ಲ ಎದ್ದು ಹೊರಗೆ ಓಡುವುದು. ಚೆಂಡು ಇದ್ದರೆ ಚೆಂಡು, ಇಲ್ಲದಿದ್ದರೆ ಬಟ್ಟೆಯ ಉಂಡೆ. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಮೊಳದಷ್ಟು ಆಳದ ಬಿರುಕು ಬಿಡುತ್ತದೆ, ಸಣ್ಣ ಚೆಂಡಾದರೆ ನುಂಗಿಯೇ ಬಿಡುತ್ತದೆ. ಮಳೆಗಾಲದಲ್ಲಿ ಕಾಲಿಗೆ ಅರ್ಧ ಕಿಲೋ ಮಣ್ಣು ಮೆತ್ತುತ್ತದೆ. ಆಟದಲ್ಲಿ ಮಂಜಿನ ಮೈದಾನ, ಮರಳಿನ ಮೈದಾನ ಎಲ್ಲ ಇದ್ದವು. ಎರೆ ಹೊಲ ಇರಲಿಲ್ಲ. ಜಪಾನಿನವರು ಅಣ್ಣಿಗೇರಿ ನೋಡಿರಲಿಲ್ಲ ಎಂದು ಕಾಣುತ್ತದೆ.

ಟಿ.ವಿ. ಗೇಮಿನಿಂದ ಮೈದಾನ ಖಾಲಿಯಾಯಿತು ಎಂದು ಹಿರಿಯರು ಆಗಲೂ ಹೇಳುತ್ತಿದ್ದರು. ನಮ್ಮ ಓಣಿಯಲ್ಲಿ ನಡೆದದ್ದು ಬೇರೆ. ಎಲ್ಲರಿಗೂ ಕ್ರಿಕೆಟ್ ಮಾತ್ರ ಗೊತ್ತಿದ್ದ ಓಣಿಯಲ್ಲಿ ಆ ಕ್ಯಾಸೆಟ್ ಬಂದ ಮೇಲೆ ಕಾಲಿನಿಂದ ಚೆಂಡು ಒದೆಯುವ ಆಟ ಶುರುವಾಯಿತು. ಸೂಪರ್ ಶಾಟ್ ಹೊಡೆಯಲು ಹೋಗಿ ಬೆನ್ನ ಮೇಲೆ ಬಿದ್ದು ಎರಡು ದಿನ ಶಾಲೆ ತಪ್ಪಿಸಿದವರೂ ಇದ್ದಾರೆ. ಅವರಲ್ಲೊಬ್ಬರು ಇಂದು ಈ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಗಂಭೀರವಾಗಿ ಕೂತಿದ್ದಾರೆ. ಹೆಸರು ಹೇಳುವುದಿಲ್ಲ.

ನವಲಗುಂದದ ಜಮಖಾನೆ ನಿಮಗೆಲ್ಲ ಗೊತ್ತು. ನಮ್ಮ ಹೆಣ್ಣುಮಕ್ಕಳು ಮನೆಯೊಳಗೆ ಮಗ್ಗದ ಮೇಲೆ ನೇಯುತ್ತ ಬಂದದ್ದು. ಈಗ ಅದಕ್ಕೆ ಜಿ.ಐ. ಮನ್ನಣೆಯೂ ಸಿಕ್ಕಿದೆ. ಕೆಲವು ಹಳೆಯ ನಮೂನೆಯ ಜಮಖಾನೆಗಳ ನಡುವೆ ಪಗಡೆಯ ಮನೆಗಳನ್ನೇ ನೇಯ್ದಿರುತ್ತಾರೆ. ಹಾಸಿದರೆ ಹಾಸಿಗೆ, ಕಾಯಿ ಇಟ್ಟರೆ ಆಟ. ಪಗಡೆಗೆ ಹೊಸ ಆವೃತ್ತಿ ಬರಲಿಲ್ಲ, ಬೇಕಾಗಲೂ ಇಲ್ಲ. ಅಜ್ಜಿ ಆಡಿದ ನಿಯಮದಲ್ಲೇ ಮೊಮ್ಮಗಳು ಆಡುತ್ತಾಳೆ, ಇಬ್ಬರೂ ಎದುರುಬದುರು ಕೂತು ಆಡಬಹುದು. ನಮ್ಮ ಟಿ.ವಿ. ಗೇಮ್ ನಡೆದದ್ದೂ ಜಮಖಾನೆಯ ಮೇಲೆಯೇ. ಇಬ್ಬರು ಆಡುವವರು, ಎಂಟು ಜನ ನೋಡುವವರು, ಸೋತವನು ಏಳಬೇಕು. ಪೇಟೆಯಲ್ಲಿ ಗಂಟೆಗೆ ಇಷ್ಟು ಎಂದು ರೊಕ್ಕ ಕೊಟ್ಟು ಆಡುವ ಅಂಗಡಿಗಳಿದ್ದವು. ಅಲ್ಲಿಗೆ ಹುಡುಗಿಯರು ಹೋಗುವಂತಿರಲಿಲ್ಲ. ಡಬ್ಬಿ ಮನೆಗೆ ಬಂದದ್ದರಿಂದ ನಮ್ಮ ಆಪಾ ಆಡಿದಳು. ಸುಳ್ಳು ಹೇಳಬಾರದು, ಓಣಿಯಲ್ಲಿ ಅವಳನ್ನು ಸೋಲಿಸಿದವರಿಲ್ಲ. ರೊಟ್ಟಿ ಬಡಿಯುವ ಕೈ ಅದು, ಬಟನ್ನಿನ ತಾಳ ತಪ್ಪುತ್ತಿರಲಿಲ್ಲ. ಇಬ್ಬರೂ ಒಂದೇ ತಂಡದಲ್ಲಿ ಸೇರಿ ಕಂಪ್ಯೂಟರಿನ ವಿರುದ್ಧ ಆಡುವ ಸೌಲಭ್ಯವೂ ಇತ್ತು. ಆಗ ನನಗೆ ಅವಳ ಆಜ್ಞೆ ಒಂದೇ, “ನೀನು ಸುಮ್ಮನೆ ಪಾಸ್ ಕೊಡು.”

ಒಂದು ಆಟ ಯಾಕೆ ಮೂವತ್ತು ಮೂವತ್ತೈದು ವರ್ಷ ಉಳಿಯುತ್ತದೆ? ಬಾಲ್ಯದ ಮೋಹ ಎಂದು ಹೇಳಿ ಕೈತೊಳೆದುಕೊಳ್ಳಬಹುದು. ನನಗೆ ಆ ಉತ್ತರ ಸಾಲದು. ಬಾಲ್ಯದಲ್ಲಿ ಆಡಿದ ಎಷ್ಟೋ ಆಟಗಳು ಇಂದು ಐದು ನಿಮಿಷಕ್ಕೆ ಬೇಸರ ತರುತ್ತವೆ. ಇದು ತರುವುದಿಲ್ಲ. ಆ ಕಾಲ ನೋಡದ ಮಕ್ಕಳಿಗೂ ತರುವುದಿಲ್ಲ. ಇಂಗ್ಲೆಂಡಿನಲ್ಲಿ ಇದರದೇ ಜಾತಿಯ ಇನ್ನೊಂದು ಆಟ ಇದೆ, ‘ಸೆನ್ಸಿಬಲ್ ವರ್ಲ್ಡ್ ಆಫ್ ಸಾಕರ್’ ಎಂದು, 1994ರದು. ಅದಕ್ಕೆ ಬಟನ್ ಎರಡೂ ಅಲ್ಲ, ಒಂದೇ. ಮೇಲಿನಿಂದ ನೋಡಿದಂತೆ ಇರುವೆಯಷ್ಟು ಆಟಗಾರರು. ಚೆಂಡು ಕಾಲಿಗೆ ಅಂಟಿಕೊಳ್ಳುವುದಿಲ್ಲ, ಒದ್ದ ಮೇಲೂ ಗಾಳಿಯಲ್ಲಿ ಅದನ್ನು ಸ್ವಲ್ಪ ತಿರುಗಿಸಬಹುದು. 2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹೆನ್ರಿ ಲೋವುಡ್ ಮತ್ತು ಅವರ ಸಂಗಡಿಗರು, ಪುಸ್ತಕ ಸಿನಿಮಾಗಳಂತೆ ಕಾದಿಡಬೇಕಾದ ಹತ್ತು ವಿಡಿಯೋ ಆಟಗಳ ಪಟ್ಟಿ ಮಾಡಿದರು. ಟೆಟ್ರಿಸ್, ಮಾರಿಯೋ ಇದ್ದ ಆ ಪಟ್ಟಿಯಲ್ಲಿ ಕ್ರೀಡೆಯ ಆಟ ಇದ್ದದ್ದು ಇದೊಂದೇ. ಅದನ್ನು ಆಡುವವರು ಯುರೋಪಿನಲ್ಲಿ ಈಗಲೂ ಪಂದ್ಯಾವಳಿ ನಡೆಸುತ್ತಾರೆ.

ಎರಡೂ ಆಟಗಳಲ್ಲಿ ಸಮಾನವಾದದ್ದು ಕೊರತೆ. ಬಟನ್ ಕಡಿಮೆ, ಬಣ್ಣ ಕಡಿಮೆ, ಆಟಗಾರನ ಮುಖವೂ ಸರಿಯಾಗಿ ಕಾಣದು. ಯಂತ್ರ ಮಾಡದೆ ಬಿಟ್ಟ ಕೆಲಸವನ್ನೆಲ್ಲ ಆಡುವವನ ಕೈ ಮತ್ತು ಕಲ್ಪನೆ ಮಾಡಬೇಕು. ಇದು ನನ್ನ ಸ್ವಂತ ಶೋಧವಲ್ಲ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಸಾಹೇಬರನ್ನು ನೆನಪಿಸಿಕೊಳ್ಳಿ. ಅವರು ಮೂಲತಃ ನಮ್ಮಂಥ ಶಾಲಾ ಮಾಸ್ತರರು. 1950ರಿಂದ 1963ರಲ್ಲಿ ತೀರಿಕೊಳ್ಳುವವರೆಗೆ ಭಾರತ ತಂಡದ ತರಬೇತುದಾರರು. 1951ರ ದೆಹಲಿ ಮತ್ತು 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ. ರಹೀಮ್ ಸಾಹೇಬರು ಹುಡುಗರಿಗೆ ಡ್ರಿಬಲ್ ಮಾಡಲೇಬಾರದೆಂಬ ಪಂದ್ಯಾವಳಿ ಇಡುತ್ತಿದ್ದರು. ಚೆಂಡು ಬಂದ ಕೂಡಲೇ ಪಾಸ್ ಕೊಡಬೇಕು. ಇನ್ನೊಂದರಲ್ಲಿ, ಆಟಗಾರನ ಬಲವಿಲ್ಲದ ಕಾಲಿನಿಂದ ಮಾತ್ರ ಒದೆಯಬೇಕು. ಒಂದನ್ನು ಕಸಿದುಕೊಂಡರೆ ಇನ್ನೊಂದು ಬೆಳೆಯುತ್ತದೆ ಎಂಬುದು ಆ ಮಾಸ್ತರರಿಗೆ ಗೊತ್ತಿತ್ತು. ನಾನು ನನ್ನ ಕನ್ನಡ ತರಗತಿಯಲ್ಲಿ ‘ತುಂಬಾ’ ಎಂಬ ಶಬ್ದ ಬಳಸದೆ ಪ್ರಬಂಧ ಬರೆಯಿರಿ ಎಂದು ಹೇಳುವುದು ಅವರಿಂದ ಕಲಿತ ಪಾಠವೇ.

ಈಗ ನಿಲಯದ ವಿಷಯಕ್ಕೆ ಬರುತ್ತೇನೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗ. ಗುರುತು ಸಿಗದಂತೆ ಹೇಳುತ್ತೇನೆ. ತಂದೆ ಗೋವಾದಲ್ಲಿ ಗೌಂಡಿ ಕೆಲಸ, ತಾಯಿ ಹತ್ತಿ ಬಿಡಿಸಲು ಹೋಗುವವರು. ತಂದೆ ಕಳಿಸುವ ರೊಕ್ಕ ಮನೆಯ ಮೊಬೈಲಿಗೆ ಬರುತ್ತದೆ. ಒಂದು ಸೋಮವಾರ ತಾಯಿ ಶಾಲೆಗೆ ಬಂದು, “ಸರ್, ಇಸ್ಕು ಜರಾ ಬೋಲೋ” ಎಂದು ಅಷ್ಟೇ ಹೇಳಿ ಅತ್ತರು. ಮಗ ಒಂದು ತಿಂಗಳಲ್ಲಿ 2,300 ರೂಪಾಯಿಯನ್ನು ಮೊಬೈಲಿನ ಫುಟ್‌ಬಾಲ್ ಆಟವೊಂದಕ್ಕೆ ಹಾಕಿದ್ದ. ಹತ್ತಿ ಬಿಡಿಸುವ ಕೂಲಿಯಲ್ಲಿ ಅದು ಎಷ್ಟು ದಿನದ ಬೆನ್ನುನೋವು ಎಂದು ಈ ಸಭೆಯ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ.

ಹುಡುಗನನ್ನು ಕೂಡಿಸಿಕೊಂಡು ಕೇಳಿದೆ. ಬೈಯಲಿಲ್ಲ. ಅವನು ವಿವರಿಸಿದ, “ಸರ, ರೊಕ್ಕಾ ಕೊಟ್ರ ಒಂದು ಪ್ಯಾಕ್ ಬರ್ತೈತ್ರಿ. ತಗದ್ರ ಒಳಗ ಯಾವ ಪ್ಲೇಯರ್ ಇರ್ತಾನಂತ ಗೊತ್ತಿರಂಗಿಲ್ರಿ. ಚೊಲೋ ಪ್ಲೇಯರ್ ಸಿಕ್ರ ಗೆಲ್ತೀವ್ರಿ.” ಸಿಕ್ಕನೇ ಎಂದೆ. “ಇಲ್ರಿ. ಮುಂದಿನ ಪ್ಯಾಕಿನ್ಯಾಗ ಸಿಗ್ತಿದ್ದ್ರಿ” ಎಂದ.

ಈ ಒಂದು ಮಾತಿನಲ್ಲಿ ಎಲ್ಲ ಇದೆ. ಅವನು ಆಡುತ್ತಿದ್ದದ್ದು ಫುಟ್‌ಬಾಲ್ ಅಲ್ಲ, ಲಾಟರಿ. ಹೊರಗಿನ ಕವಚ ಮಾತ್ರ ಫುಟ್‌ಬಾಲು. ಇಂಥ ಪ್ಯಾಕುಗಳು ಜೂಜಿಗೆ ಸಮ ಎಂದು ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗ 2018ರಲ್ಲಿ ತೀರ್ಮಾನಿಸಿತು. ಅದರ ಫಲವಾಗಿ 2019ರ ಜನವರಿ ಕೊನೆಯಲ್ಲಿ ಆ ದೇಶದಲ್ಲಿ ಫಿಫಾ ಆಟದೊಳಗೆ ರೊಕ್ಕ ಕೊಟ್ಟು ಅಂಕ ಕೊಳ್ಳುವುದು ನಿಂತಿತು. ನಮ್ಮ ದೇಶದಲ್ಲಿ 2025ರ ಆಗಸ್ಟಿನಲ್ಲಿ ಆನ್‌ಲೈನ್ ಆಟಗಳ ಬಗ್ಗೆ ಕಾಯಿದೆ ಬಂತು. ಪಾಲಕರು ಅದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ರೊಕ್ಕ ಪಣಕ್ಕಿಟ್ಟು ರೊಕ್ಕ ಗೆಲ್ಲುವ ಆಟಗಳನ್ನು ಅದು ನಿಷೇಧಿಸುತ್ತದೆ. ಇಲ್ಲಿ ಹುಡುಗನಿಗೆ ರೊಕ್ಕ ವಾಪಸು ಬರುವ ಮಾತೇ ಇಲ್ಲ, ಹೋಗುವುದು ಮಾತ್ರ. ಕಾಯಿದೆ ಬಂತು, ಇನ್ನು ಮೊಬೈಲ್ ಕೊಟ್ಟು ನಿಶ್ಚಿಂತೆಯಿಂದ ಇರಬಹುದು ಎಂದು ಯಾರೂ ತಿಳಿಯಬೇಡಿ.

ಹಳೆಯ ಕ್ಯಾಸೆಟ್ಟಿನಲ್ಲಿ ಶ್ರೀಮಂತರ ಮನೆಯ ಹುಡುಗನಿಗೂ ಸೂಪರ್ ಶಾಟ್ ಐದೇ. ಗೌಂಡಿಯ ಮಗನಿಗೂ ಐದೇ. ಆರನೆಯದನ್ನು ಕೊಳ್ಳಲು ಎಲ್ಲಿಯೂ ಅಂಗಡಿ ಇಲ್ಲ. ಮತ್ತೊಂದು ವಿಷಯ, ಅದು ಮುಗಿಯುತ್ತದೆ. ಕೊನೆಯ ತಂಡವನ್ನು ಸೋಲಿಸಿದರೆ ಆಟ ಮುಗಿಯಿತು, ತೆರೆಯ ಮೇಲೆ ಮಾಡಿದವರ ಹೆಸರು ಬರುತ್ತದೆ, ಎದ್ದು ಊಟಕ್ಕೆ ಹೋಗಬಹುದು. ಮೊಬೈಲಿನ ಆಟ ಮುಗಿಯದಂತೆ ಕಟ್ಟಿದ್ದು. ಇವತ್ತಿನ ಬಹುಮಾನ, ನಾಳೆಯ ಬಹುಮಾನ, ಈ ವಾರ ಬರದಿದ್ದರೆ ನಷ್ಟ. ಮಗು ಎದ್ದು ಹೋದರೆ ಕಂಪನಿಗೆ ಹಾನಿ. ಮಗುವಿನ ಮನಸ್ಸು ದುರ್ಬಲ ಎಂದು ನಾವು ಬೈಯುತ್ತೇವೆ. ಅತ್ತ ಕಡೆ ಆ ಮನಸ್ಸನ್ನು ಹಿಡಿದಿಡಲು ಸಂಬಳ ಪಡೆದು ಕೂತ ಬುದ್ಧಿವಂತರು ಎಷ್ಟು ಜನ ಇದ್ದಾರೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅಷ್ಟು ರೊಕ್ಕ ಸುರಿದರೂ ಅದು ನಮ್ಮದಾಗಿ ಉಳಿಯುವುದಿಲ್ಲ. ಪ್ರೊ ಎವಲ್ಯೂಷನ್ ಸಾಕರ್ ಎಂಬ ಹೆಸರಾಂತ ಆಟ 2021ರಲ್ಲಿ ಹೆಸರು, ರೂಪ ಎರಡನ್ನೂ ಬದಲಿಸಿ ‘ಈಫುಟ್‌ಬಾಲ್’ ಆಯಿತು. 1993ರಿಂದ ನಡೆದು ಬಂದ ಫಿಫಾ ಆಟದ ಹೆಸರು ಕರಾರು ಮುಗಿದು 2023ರಲ್ಲಿ ‘ಇ.ಎ. ಸ್ಪೋರ್ಟ್ಸ್ ಎಫ್.ಸಿ.’ ಎಂದಾಯಿತು. ಕಂಪನಿ ತನ್ನ ಸರ್ವರ್ ನಿಲ್ಲಿಸಿದ ದಿನ ಕೊಂಡ ಆಟಗಾರರೆಲ್ಲ ಗಾಳಿ. ಹಳೆಯ ಆಟಗಳಿಗೂ ಕಷ್ಟ ಇಲ್ಲದಿಲ್ಲ. 2010ಕ್ಕೆ ಮೊದಲು ಅಮೆರಿಕದಲ್ಲಿ ಬಂದ ಆಟಗಳಲ್ಲಿ ನೂರಕ್ಕೆ 87 ಇಂದು ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ಅಲ್ಲಿಯ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ವರದಿ ಮಾಡಿದೆ. ನಮ್ಮ ಫುಟ್‌ಬಾಲ್ ಕ್ಯಾಸೆಟ್ ಉಳಿದ ಹದಿಮೂರರಲ್ಲಿ ಸೇರಿದ ಅದೃಷ್ಟಶಾಲಿ. ಟೆಕ್ನೋಸ್ ಕಂಪನಿ ಮುಚ್ಚಿ ಎಷ್ಟೋ ವರ್ಷವಾದ ಮೇಲೆ, 2020ರಲ್ಲಿ, ಅದರ ಹದಿನೆಂಟು ಹಳೆಯ ಆಟಗಳನ್ನು ಒಟ್ಟಿಗೆ ಮತ್ತೆ ಹೊರತಂದರು. ಅದರಲ್ಲಿ ಎರಡೂ ಫುಟ್‌ಬಾಲ್ ಆಟಗಳಿವೆ. ನಾವು ಓದಲಾಗದೆ ಆಡಿದ ಆ ಎರಡನೆಯದಕ್ಕೆ ಮೊದಲ ಸಲ ಅಧಿಕೃತ ಇಂಗ್ಲಿಷ್ ಅನುವಾದವೂ ಸೇರಿತು.

ಹುಡುಗನ ವಿಷಯ ಅರ್ಧಕ್ಕೆ ಬಿಟ್ಟೆ. ಯಮನೂರ ರಾಜಾಬಾಗ್ ಸವಾರರ ಉರುಸಿನಲ್ಲಿ ಬಳೆ, ಬತ್ತಾಸಿನ ಅಂಗಡಿಗಳ ನಡುವೆ ಈಗ ಅಂಗೈಯಗಲದ ಒಂದು ಡಬ್ಬಿ ಮಾರುತ್ತಾರೆ. ‘400 ಆಟ’ ಎಂದು ಮೇಲೆ ಬರೆದಿರುತ್ತದೆ. ಒಳಗೆ ಅದೇ ಫ್ಯಾಮಿಕಾಮಿನ ಆಟಗಳು. ಇಂಟರ್ನೆಟ್ ಇಲ್ಲ, ರೊಕ್ಕ ಕಟ್ಟುವ ದಾರಿ ಇಲ್ಲ. ವೈರ್ ಹಾಕಿದರೆ ಟಿ.ವಿ.ಯಲ್ಲೂ ಮೂಡುತ್ತದೆ. ಅಂಥದೊಂದನ್ನು ತಂದು ಶನಿವಾರ ಶಾಲೆ ಬಿಟ್ಟ ಮೇಲೆ ಹಚ್ಚಿದೆ. ಅವನು ಮೊದಲ ದಿನ ನಕ್ಕ. “ಏನ್ರಿ ಸರ, ಇದರಾಗ ಮಾರಿನs ಕಾಣಂಗಿಲ್ಲ” ಎಂದ. ಎರಡನೆಯ ಶನಿವಾರ ಏಳನೆಯ ತರಗತಿಯ ಹುಡುಗನೊಬ್ಬ ಅವನನ್ನು ಹತ್ತು ಗೋಲಿನಿಂದ ಸೋಲಿಸಿದ. ಮೂರನೆಯ ಶನಿವಾರ ಅವನು ಎಲ್ಲರಿಗಿಂತ ಮೊದಲು ಬಂದಿದ್ದ. ಪವಾಡ ನಡೆಯಿತೆಂದು ನಾನು ಹೇಳಲಾರೆ. ಅವನು ಮೊಬೈಲ್ ಬಿಟ್ಟಿಲ್ಲ. ಆ ರೊಕ್ಕವೂ ವಾಪಸು ಬಂದಿಲ್ಲ. ತಾಯಿ ಈಗ ಮೊಬೈಲಿನ ಪಿನ್ ಬದಲಿಸಿ ತಾವೇ ಇಟ್ಟುಕೊಂಡಿದ್ದಾರೆ. ಆದರೆ ಶನಿವಾರದ ಆ ಒಂದು ತಾಸು ಅವನ ಪಕ್ಕದಲ್ಲಿ ಇನ್ನೊಬ್ಬ ಹುಡುಗ ಕೂತಿರುತ್ತಾನೆ, ಹಿಂದೆ ಹತ್ತು ಜನ ಕೂಗುತ್ತಿರುತ್ತಾರೆ. ರಾತ್ರಿ ಕೌದಿಯೊಳಗೆ ಮೊಬೈಲ್ ಹಿಡಿದವನ ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಆದ್ದರಿಂದ ಸದಸ್ಯರಲ್ಲಿ ನನ್ನ ವಿನಂತಿ. ನಿಲಯದಲ್ಲಿ ಮೊಬೈಲ್ ಬೇಡ ಎಂಬುದಕ್ಕೆ ನಾನೇ ಮೊದಲು ಕೈ ಎತ್ತುತ್ತೇನೆ. ‘ವಿಡಿಯೋ ಗೇಮ್ ಎಂಬ ಯಾವ ವಸ್ತುವೂ’ ಎಂಬ ಸಾಲನ್ನು ಮಾತ್ರ ತೆಗೆದುಹಾಕಬೇಕು. ಅದರ ಬದಲಿಗೆ ಭಾನುವಾರ ಅಸರ್ ನಮಾಜಿನಿಂದ ಮಗ್ರಿಬ್‌ವರೆಗೆ, ಊಟದ ಹಾಲಿನಲ್ಲಿ, ಎಲ್ಲರ ಕಣ್ಣೆದುರು, ಒಂದು ಟಿ.ವಿ., ಒಂದು ಹಳೆಯ ಡಬ್ಬಿ, ಎರಡು ಕೈಗುಂಡಿ. ಒಬ್ಬನೇ ಆಡುವಂತಿಲ್ಲ, ಸೋತವನು ಏಳಬೇಕು. ಹೆಣ್ಣುಮಕ್ಕಳ ನಿಲಯದಲ್ಲೂ ಇದೇ ವ್ಯವಸ್ಥೆ ಆಗಬೇಕು. ಹುಡುಗರಿಗೆ ಮಾತ್ರ ಎಂದು ಠರಾವು ಮಾಡಿದರೆ ನಮ್ಮ ಆಪಾ ನನ್ನನ್ನು ಮನೆಯೊಳಗೆ ಬಿಡುವುದಿಲ್ಲ. ಅದೇ ಹೊತ್ತಿನಲ್ಲಿ ಹೊರಗೆ ಚೆಂಡು ಒದೆಯುವವರು ಒದೆಯಲಿ. ಯಾವುದರ ಕಡೆ ಹೆಚ್ಚು ಮಕ್ಕಳು ಹೋಗುತ್ತಾರೆಂದು ಮೂರು ತಿಂಗಳು ನೋಡೋಣ, ನಾನೇ ವಹಿ ಹಿಡಿದು ಬರೆದಿಡುತ್ತೇನೆ.

ಖರ್ಚಿನ ಬಗ್ಗೆ ಖಜಾಂಚಿಯವರು ಹುಬ್ಬು ಏರಿಸುತ್ತಿರುವುದು ಇಲ್ಲಿಂದಲೇ ಕಾಣುತ್ತಿದೆ. ಡಬ್ಬಿಯ ಖರ್ಚು ನನ್ನದು. ಟಿ.ವಿ. ಮಾತ್ರ ಬೇಕು. ಹೊಸದಲ್ಲ, ಹಿಂದೆ ಡುಬ್ಬ ಇರುವ ಹಳೆಯ ಟಿ.ವಿ. ಈ ಆಟಗಳು ಅದರಲ್ಲೇ ಚೆನ್ನಾಗಿ ಕಾಣುತ್ತವೆ. ನಿಮ್ಮಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ, ಜಮಖಾನೆ ಹೊದಿಸಿ ಇಟ್ಟದ್ದು ಇದ್ದರೆ, ಹಳದಿ ಮತ್ತು ಬಿಳಿ ವೈರ್ ಸಿಕ್ಕಿಸುವ ತೂತು ಇದೆಯೇ ಎಂದು ಒಮ್ಮೆ ನೋಡಿ ನನಗೆ ತಿಳಿಸಿ. ನಾನು ಗಾಡಿ ತಂದು ಒಯ್ಯುತ್ತೇನೆ.